ಹಿಮದಲ್ಲಿ ಜಾರಲು ಹೋಗಿ ಸನ್ಯಾಸಿಯಾದದ್ದು

ಮನುಷ್ಯ ಒಬ್ಬನೇ ಬರುತ್ತಾನೆ, ಒಬ್ಬನೇ ಹೋಗುತ್ತಾನೆ, ನಡುವಿನದೆಲ್ಲ ಬರೀ ಸಂತೆ ಎಂದು ತಿಳಿದವರು ಹೇಳುತ್ತಾರೆ. ಹೀಗೆ ಹೇಳಿದವರು ಯಾರೂ ಗದಗ-ಬೆಟಗೇರಿಯವರಲ್ಲವೆಂದು ಕಾಣುತ್ತದೆ. ನಮ್ಮಲ್ಲಿ ಮನುಷ್ಯ ಒಬ್ಬನೇ ಹುಬ್ಬಳ್ಳಿಗೂ ಹೋಗಲಾರ. ಬಸ್ ನಿಲ್ದಾಣದೊಳಗೆ ಕಾಲಿಡುವಷ್ಟರಲ್ಲಿ ನಾಲ್ಕಾರು ಮಂದಿ "ಎಲ್ಲಿಗೆ ಹೊಂಟೀರಿ?" ಎಂದು ಕೇಳಿ ಆಗಿರುತ್ತದೆ. ಆಮೇಲೆ ಬರುವವನು ಕೇಳುವುದೇ ಇಲ್ಲ. ಸೀದಾ ಬಂದು, "ಸ್ವಲ್ಪ ಸರೀರಿ, ನಾನೂ ಅಲ್ಲಿಗೇ ಬರಾಕತ್ತೀನಿ" ಎಂದು ಪಕ್ಕದಲ್ಲಿ ಕೂತುಬಿಡುತ್ತಾನೆ.

ಈ ಗಹನವಾದ ವಿಚಾರ ಹೊಳೆದದ್ದು ಇವತ್ತು ಬೆಳಿಗ್ಗೆ, ಅಡುಗೆಮನೆಯ ಬಾಗಿಲಲ್ಲಿ ಚಹಾಕ್ಕಾಗಿ ಕಾಯುತ್ತ ನಿಂತಾಗ. ನನ್ನ ಹೆಂಡತಿ ಗಿರಿಜಾ ಒಲೆಯಿಂದ ಹಾಲಿನ ಪಾತ್ರೆ ಇಳಿಸುತ್ತಿದ್ದಳು. ಊರವರೆಲ್ಲರ ಮನೆಯಲ್ಲಿ ಇದಕ್ಕೆ ಇಕ್ಕಳವಿರುತ್ತದೆ. ನಮ್ಮ ಮನೆಯಲ್ಲಿ ಕೈಗವಸಿದೆ. ಒಳಗೆ ಉಣ್ಣೆ, ಹೊರಗೆ ಚರ್ಮ. ಕುಸ್ತಿಯಲ್ಲಿ ಏಟು ತಿಂದವನ ಕೈಯ ಹಾಗೆ ಊದಿಕೊಂಡಿರುವ ಒಂದು ಎಡಗೈ ಗವಸು. ಅದರ ಬಲಗೈ ಜೋಡಿ ಹಿಮಾಲಯದಲ್ಲಿದೆ. ಯಾಕೆ ಎಂದು ನೀವು ಕೇಳುವವರೇ. ಹೇಳಿಬಿಡುತ್ತೇನೆ, ಊರೆಲ್ಲ ತನಗೆ ಬೇಕಾದ ಹಾಗೆ ಹೇಳಿ ಮುಗಿಸಿದ ಕತೆಯನ್ನು ಒಮ್ಮೆಯಾದರೂ ನಡೆದ ಹಾಗೆ ಹೇಳುವ ಹಕ್ಕು ನನಗೂ ಇದೆ.

ನಾನು ಮುದ್ರಕ. ಬೆಟಗೇರಿಯಲ್ಲಿ ಸಣ್ಣದೊಂದು ಪ್ರೆಸ್ಸು. ಲಗ್ನಪತ್ರಿಕೆ, ಕ್ಯಾಲೆಂಡರು, ಕಿರಾಣಿ ಅಂಗಡಿಯ ಬಿಲ್ಲು, ಯಾರಾದರೂ ತೀರಿಕೊಂಡರೆ ಕಪ್ಪು ಅಂಚಿನ ಕಾರ್ಡು. ಜನ ಮದುವೆಯಾಗುವವರೆಗೆ ಮತ್ತು ಸಾಯುವವರೆಗೆ ನಮ್ಮ ಬದುಕಿಗೆ ಭಯವಿಲ್ಲ. ಆದರೆ ವರ್ಷಕ್ಕೊಮ್ಮೆ ಧನುರ್ಮಾಸ ಬರುತ್ತದೆ. ಆ ತಿಂಗಳಲ್ಲಿ ಯಾರೂ ಲಗ್ನವಾಗುವುದಿಲ್ಲ. ಹೊಸ ವರ್ಷದ ಕ್ಯಾಲೆಂಡರು ಅದಕ್ಕೂ ಮೊದಲೇ ಅಚ್ಚಾಗಿ ಹೋಗಿರುತ್ತದೆ. ಸಂಕ್ರಾಂತಿ ಮುಗಿಯುವ ತನಕ ಮಷಿನ್ನಿಗೆ ಬಟ್ಟೆ ಹೊದಿಸಿ, ಮಾಲೀಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಹೋಗಿ ಬರುವವರನ್ನು ನೋಡುತ್ತ ಕೂರಬೇಕು. ಮನುಷ್ಯನಿಗೆ ದುರ್ಬುದ್ಧಿ ಹುಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇಕೇ?

ಆ ಸಲದ ಕ್ಯಾಲೆಂಡರಿನ ಜನವರಿ ಪುಟಕ್ಕೆ ಒಂದು ಚಿತ್ರ ಬಂದಿತ್ತು. ಬೆಳ್ಳನೆಯ ಬೆಟ್ಟ. ಕಾಲಿಗೆ ಎರಡು ಉದ್ದನೆಯ ಪಟ್ಟಿ ಕಟ್ಟಿಕೊಂಡು, ಕೈಯಲ್ಲಿ ಎರಡು ಕೋಲು ಹಿಡಿದು, ಹಿಮದ ಮೇಲೆ ಜಾರಿ ಬರುತ್ತಿರುವ ಒಬ್ಬ ಮನುಷ್ಯ. ಸುತ್ತ ಯಾರೂ ಇಲ್ಲ. ಮಷಿನ್ನು ಹಾಳೆಯ ಮೇಲೆ ಹಾಳೆ ಉಗುಳಿದಂತೆಲ್ಲ ಅವನು ಜಾರಿದ, ಮತ್ತೆ ಜಾರಿದ, ಮೂರು ದಿನ ಜಾರಿದ. ಒಮ್ಮೆಯೂ ಬೀಳಲಿಲ್ಲ. "ಎಲ್ಲಿಗೆ ಹೊಂಟೀರಿ?" ಎಂದು ಅವನನ್ನು ಒಬ್ಬರೂ ಕೇಳಲಿಲ್ಲ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಜಾರುವ ವಿಷಯದಲ್ಲಿ ನನಗೊಂದು ಹಳೆಯ ಬಾಕಿಯೂ ಇತ್ತು. ನಮ್ಮ ತಂದೆ ಅರಳೆ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತರಾಗಿದ್ದರು. ಸುಗ್ಗಿಯಲ್ಲಿ ಜಿನ್ನಿನ ಅಂಗಳದ ತುಂಬ ಹತ್ತಿಯ ಗುಡ್ಡೆಗಳು. ಮಧ್ಯಾಹ್ನ ಕಾವಲುಗಾರ ತೂಕಡಿಸುವ ಹೊತ್ತು ನೋಡಿ ನಾವು ಹುಡುಗರು ಮೇಲೆ ಹತ್ತಿ ಕೆಳಗೆ ಜಾರುತ್ತಿದ್ದೆವು. ಜಾರುತ್ತಿದ್ದೆವು ಎಂದದ್ದು ಮರ್ಯಾದೆಗೆ. ಹತ್ತಿ ಜಾರಗೊಡುವುದಿಲ್ಲ, ಅರ್ಧ ದಾರಿ ಜಾರಿಸಿ ಉಳಿದರ್ಧದಲ್ಲಿ ಹುಗಿದುಬಿಡುತ್ತದೆ. ಮೂಗಿನಲ್ಲಿ ಹತ್ತಿ, ಕಿವಿಯಲ್ಲಿ ಹತ್ತಿ, ಅಂಗಿಯೊಳಗೆ ಒಣಗಿದ ಎಲೆಯ ಚುಚ್ಚು. ನನ್ನ ಅಕ್ಕ ಶಾಂತಾ ಕಾವಲು ನಿಲ್ಲುತ್ತಿದ್ದಳು. ಕಾವಲಿಗೆ ಬದಲಾಗಿ ಅವಳಿಗೆ ಪೇರಲ ಹಣ್ಣು ಕೊಡಬೇಕು. ಹಣ್ಣು ತಿಂದು ಮನೆಗೆ ಹೋಗಿ ಅವ್ವನ ಮುಂದೆ ಎಲ್ಲ ಹೇಳುತ್ತಿದ್ದಳು. ಲಕ್ಷ್ಮೇಶ್ವರಕ್ಕೆ ಕೊಟ್ಟು ಇಷ್ಟು ವರ್ಷವಾದರೂ ಆ ಸ್ವಭಾವ ಅವಳಲ್ಲಿ ಹಾಗೇ ಉಳಿದಿದೆ. ಅದು ಹೋಗಲಿ. ಒಮ್ಮೆಯಾದರೂ ಮೇಲಿನಿಂದ ಕೆಳಗಿನ ತನಕ ಹುಗಿಯದೆ ಜಾರಬೇಕೆಂಬ ಆಸೆ ನನ್ನಲ್ಲಿ ಎಲ್ಲೋ ಕೂತಿತ್ತು ಎನ್ನುವುದಷ್ಟೇ ಮುಖ್ಯ.

ಹೀಗೆ ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ, ಹೋಗುವುದೆಂದು ನಿರ್ಧರಿಸಿದೆ.

"ಎಲ್ಲಿಗೆ?" ಎಂದಳು ಗಿರಿಜಾ.

"ಹಿಮಾಲಯಕ್ಕ."

"ಯಾರ್ಯಾರು?"

"ನಾ ಒಬ್ಬನ."

"ಏನ್ ಮಾಡಾಕ?"

"ಜಾರಾಕ."

ಉಕ್ಕಲು ಬಂದ ಹಾಲನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ಜಾರಾಕ ನಮ್ಮ ಬಚ್ಚಲ ಸಾಲದೇನ್ರಿ? ಅದಕ್ಕ ರೈಲ್ ಹತ್ತಬೇಕ?"

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಮಗಳು ಸುಧಾಳ ನಿಶ್ಚಯ ಸಂಕ್ರಾಂತಿ ಕಳೆದ ಮೇಲೆ ಎಂದು ಮಾತಾಗಿತ್ತು. ಅವಳು ದಿನಾ ಬಸ್ಸಿನಲ್ಲಿ ನಾಗಾವಿಗೆ ಕೆಲಸಕ್ಕೆ ಹೋಗುವವಳು. ಅದೇ ಬಸ್ಸಿನಲ್ಲಿ ಪರಿಚಯವಾದ ಹುಡುಗನನ್ನು ತಾನೇ ಮೆಚ್ಚಿ, ತಾನೇ ನಮ್ಮನ್ನು ಒಪ್ಪಿಸಿ, ಹುಡುಗನ ಮನೆಯವರನ್ನು ಒಪ್ಪಿಸುವ ಕೆಲಸ ಮಾತ್ರ ನಮಗೆ ಬಿಟ್ಟಿದ್ದಳು. ಹುಡುಗನ ತಂದೆಗೆ ಮುಂಡರಗಿಯಲ್ಲಿ ಉಳ್ಳಾಗಡ್ಡಿಯ ದಲಾಲಿ ಅಂಗಡಿ. ಗಡ್ಡೆಯನ್ನು ಹಿಚುಕಿ ನೋಡದೆ ಚೀಲಕ್ಕೆ ಬೆಲೆ ಹೇಳುವವರಲ್ಲ. ಬಹಳ ಓಡಾಡಿದ ಮೇಲೆ ಅವರು ಹೂಂ ಅಂದಿದ್ದರು. ಸಂಕ್ರಾಂತಿಗೆ ಇನ್ನೂ ಬೇಕಾದಷ್ಟು ದಿನವಿತ್ತು. ಹೋಗಿ ಜಾರಿ ಬರುವುದರಲ್ಲಿ ನನಗೆ ಯಾವ ಅಡ್ಡಿಯೂ ಕಾಣಲಿಲ್ಲ. ಕಾಣದ್ದು ನನ್ನ ಕಣ್ಣಿನ ದೋಷ.

ಗಿರಿಜಾ ಮೊರ ತೆಗೆದಳು. ನಮ್ಮ ಕಡೆ ದೂರದ ಊರಿಗೆ ಹೋಗುವವನನ್ನು ಬುತ್ತಿ ಕಟ್ಟದೆ ಕಳಿಸುವುದಿಲ್ಲ. ಬುತ್ತಿಯೆಂದರೆ ಅಂಗೈಯಗಲದ ಡಬ್ಬಿಯಲ್ಲ. ಆಳೆತ್ತರ ಪೇರಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಮಾದಲಿ. ಬುತ್ತಿಯ ಗಂಟನ್ನು ಹೊತ್ತವನು ಎಲ್ಲಿಗೆ ಹೋದರೂ ಮನೆಯ ಮನುಷ್ಯ. ರೊಟ್ಟಿ ತೀರುವುದರೊಳಗೆ ಬಂದೇ ಬರುತ್ತಾನೆ. ನಾನು ಮಾತ್ರ ಹಗುರವಾಗಿ ಹೋಗುವ ಹುಮ್ಮಸ್ಸಿನಲ್ಲಿದ್ದೆ. ಕ್ಯಾಲೆಂಡರಿನ ಮನುಷ್ಯನ ಹೆಗಲಿಗೆ ರೊಟ್ಟಿಯ ಗಂಟಿರಲಿಲ್ಲ.

"ಬುತ್ತಿ ಒಲ್ಲೆ" ಎಂದೆ.

ಗಿರಿಜಾಳ ಕೈ ಮೊರದ ಮೇಲೆಯೇ ನಿಂತಿತು. "ಏನಂದ್ರಿ?"

"ಒಲ್ಲೆ. ಅಲ್ಲಿ ಸಿಕ್ಕದ್ದ ತಿಂತೀನಿ."

ಹಿತ್ತಲ ಗೋಡೆಯ ಆಚೆ ಪಕ್ಕದ ಮನೆಯಾಕೆ ಅರಿವೆ ಒಣಹಾಕುತ್ತಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ಇನ್ನು ನಾನು ಮಾಡಿದ ಉಳಿದ ಮೂರ್ಖತನಗಳು. ಉಣ್ಣೆಯ ಟೊಪ್ಪಿಗೆಯಡಿ ತಲೆ ತುರಿಸಬಾರದೆಂದು ಕಟಿಂಗ್ ಅಂಗಡಿಗೆ ಹೋಗಿ, "ಪೂರಾ ಸಣ್ಣಗ ಹೊಡಿಯಪಾ, ಹಿಮಾಲಯಕ್ಕ ಹೊಂಟೀನಿ" ಎಂದೆ. ಕತ್ತರಿ ಒಂದು ಕ್ಷಣ ಗಾಳಿಯಲ್ಲಿ ನಿಂತು ಆಮೇಲೆ ಬಹಳ ಭಕ್ತಿಯಿಂದ ಓಡಾಡಿತು. ಪ್ರೆಸ್ಸಿನ ಕೀಲಿಯನ್ನು ಪಕ್ಕದ ಬೈಂಡಿಂಗ್ ಅಂಗಡಿಯ ಮಹಬೂಬನ ಕೈಗೆ ಕೊಟ್ಟೆ. ಮಹಬೂಬ ನನ್ನ ಶಾಲೆಯ ಗೆಳೆಯ. ಚಳಿಯಲ್ಲಿ ಕೆಟ್ಟೀತೆಂದು ಕೈಗಡಿಯಾರವನ್ನೂ ಬಿಚ್ಚಿ ಅವನಿಗೇ ಕೊಟ್ಟೆ.

ನನ್ನದೇ ಸ್ಕೂಟರಿನಲ್ಲಿ ಸ್ಟೇಷನ್ನಿಗೆ ಬಿಡುವಾಗ ಅವನು ಕೇಳಿದ: "ಲೇ, ವಾಪಸ್ ಯಾವಾಗ?"

"ಅದನ್ನೆಲ್ಲ ಈಗ ಯಾಕ ಕೇಳ್ತೀಲೇ? ಮನಸ್ಸಿಗೆ ಬಂದಾಗ."

ನೀವೇ ಹೇಳಿ, ಇದರಲ್ಲಿ ತಪ್ಪೇನಿದೆ? ಬಿಡಿಬಿಡಿಯಾಗಿ ನೋಡಿದರೆ ಒಂದರಲ್ಲೂ ತಪ್ಪಿಲ್ಲ. ಜೋಡಿಸಿದರೆ ಏನಾಯಿತೆಂಬುದು ನನಗೆ ಕುಫ್ರಿಯಲ್ಲಿ ಗೊತ್ತಾಯಿತು.

ಕುಫ್ರಿ ಸಿಮ್ಲಾದ ಮೇಲಿನ ಒಂದು ಗುಡ್ಡ. ಹಿಮವಿರುತ್ತದೆ ಎಂದು ಕೇಳಿ ಹೋಗಿದ್ದೆ. ಆ ವಾರ ಹಿಮವಿರಲಿಲ್ಲ. ಕೆಸರಿತ್ತು, ಕೆಸರಿನ ತುಂಬ ಕುದುರೆಗಳಿದ್ದವು, ಕುದುರೆಗಳ ಮೇಲೆ ಹೊಸದಾಗಿ ಮದುವೆಯಾದವರಿದ್ದರು. ಕೆಸರನ್ನೇ ನೋಡುವುದಾಗಿದ್ದರೆ ಮಳೆಗಾಲದಲ್ಲಿ ನಮ್ಮೂರ ಪಕ್ಕದ ಮಲ್ಲಸಮುದ್ರದ ಹೊಲದ ದಾರಿ ಸಾಕಿತ್ತು. ಹೀಗೆಂದು ಹಲುಬುತ್ತ ನಿಂತಾಗ ಫೋನು ಬಡಿದುಕೊಂಡಿತು. ಲಕ್ಷ್ಮೇಶ್ವರದಿಂದ ಶಾಂತಕ್ಕ. ಹಲೋ ಇಲ್ಲ, ಏನಿಲ್ಲ, ಸೀದಾ ಅಳು.

"ತಮ್ಮಾ, ಹಿಂಗ್ಯಾಕ ಮಾಡಿದ್ಯೋ! ಅಪ್ಪ ಅವ್ವ ಇದ್ದಿದ್ರ ಎದಿ ಒಡಕೊಂತಿದ್ರಲ್ಲೋ!"

"ಏನ್ ಮಾಡೀನಿ ಅಕ್ಕಾ?"

"ತಲಿ ಬೋಳಿಸಿಕೊಂಡೀಯಂತ. ಪ್ರೆಸ್ಸಿನ ಕೀಲಿ ಮಹಬೂಬಗ ಒಪ್ಪಿಸೀಯಂತ. ಗಡಿಯಾರ ಸೈತ ಬಿಚ್ಚಿ ಕೊಟ್ಟೀಯಂತ. ಅಯ್ಯ, ಸನ್ಯಾಸ ತಗೊಳ್ಳೂವಂಥಾದ್ದು ನಿನಗೇನಾಗಿತ್ತೋ?"

"ಯಾರ ಹೇಳಿದ್ದು ಸನ್ಯಾಸ ಅಂತ? ನಾ ಜಾರಾಕ ಬಂದೀನಿ, ಹಿಮದಾಗ!"

"ಸುಳ್ಳ ಹೇಳಬ್ಯಾಡ. ಹಂಗಿದ್ರ ಬುತ್ತಿ ಯಾಕ ಒಲ್ಲೆಂದಿ? ರೊಟ್ಟಿ ಒಲ್ಲೆ ಅಂದಾವ ಮನಿ ಒಲ್ಲೆ ಅಂದಂಗ ಅಲ್ಲೇನು?"

ಅಕ್ಕನ ಫೋನು ಇಟ್ಟೆ. ಗಿರಿಜಾಳಿಗೆ ಫೋನು ಮಾಡಿ ರೇಗಿದೆ. ನಿಜ ಹೇಳಬಾರದಿತ್ತೇ ಎಂದರೆ ಅವಳು ನನಗಿಂತ ಜೋರಾಗಿ ರೇಗಿದಳು. "ಏನಂತ ಹೇಳ್ಲಿ? ಮಗಳ ನಿಶ್ಚಯ ಹತ್ರ ಬಂದೈತಿ, ನಮ್ಮ ಮನಿಯವ್ರು ಗುಡ್ಡದ ಮ್ಯಾಲಿಂದ ಜಾರಾಡಾಕ ಹೋಗ್ಯಾರ ಅಂತ ಓಣಿ ಮಂದಿ ಮುಂದ ಹೇಳ್ಲೇನು? ಒಬ್ಬರ ಹಿಮಾಲಯಕ್ಕ ಹೋಗ್ಯಾರ ಅಂದೆ. ಅಷ್ಟ. ಉಳದದ್ದು ಅವರ ತಿಳಕೊಂಡ್ರು."

ಮಹಬೂಬನಾದರೂ ಹೇಳಬಾರದೇ? ಹೇಳಿದ್ದನಂತೆ. ಕೇಳಿದವರಿಗೆಲ್ಲ ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ, "ನನಗೇನೂ ಗೊತ್ತಿಲ್ಲಪಾ. ಕೀಲಿ ಕೊಟ್ಟ, ಗಡಿಯಾರ ಕೊಟ್ಟ, ಮನಸ್ಸಿಗೆ ಬಂದಾಗ ಬರ್ತೀನಿ ಅಂದ, ಹೋದ" ಎಂದು ಖರೇ ಖರೇ ಹೇಳಿದ್ದ. ನಾಲ್ಕು ಸುಳ್ಳು ಹೇಳಿದ್ದರೂ ಇಷ್ಟು ಕೆಡುತ್ತಿರಲಿಲ್ಲ.

ಕುಫ್ರಿಯ ಕೆಸರು ಬಿಟ್ಟು ಮುಂದಿನ ನಾರ್ಕಂಡಾಕ್ಕೆ ಬಸ್ಸು ಹತ್ತಿದೆ. ಅಲ್ಲಿ ಹಿಮವಿತ್ತು. ತೆಳ್ಳಗೆ, ನೆಂಟರ ಮನೆಯ ರೊಟ್ಟಿಗೆ ಸವರಿದ ಬೆಣ್ಣೆಯ ಹಾಗೆ. ಬಾಡಿಗೆಗೆ ಬಟ್ಟೆ ಕೊಡುವ ಅಂಗಡಿಯಲ್ಲಿ ನನ್ನ ಹೊಟ್ಟೆಯನ್ನು ಒಳಗೆ ಬಿಟ್ಟುಕೊಳ್ಳುವ ಉಡುಪು ಒಂದೇ ಇತ್ತು. ಕಾಲಿಗೆ ಹಾಕಿದ ಬೂಟನ್ನು ಮನುಷ್ಯರಿಗಾಗಿ ಮಾಡಿದ್ದೆಂದು ನಾನು ಈಗಲೂ ನಂಬುವುದಿಲ್ಲ. ಹಾಕಿಕೊಂಡು ನಡೆದರೆ ಎರಡು ಕಲ್ಲಿನ ಒರಳಿನಲ್ಲಿ ನಿಂತ ಹಾಗಾಗುತ್ತದೆ. ಠಾಕೂರ ಎಂಬ ಯುವಕ ಕಲಿಸಲು ಬಂದ. ಅವನ ಹಿಂದಿ ಬೆಟ್ಟದ್ದು, ನನ್ನದು ಮಹಬೂಬನಿಂದ ಕಲಿತದ್ದು. ಅವನು "ಮೊಣಕಾಲು ಬಗ್ಗಿಸಿ, ಮುಂದಕ್ಕೆ ಬಾಗಿ" ಎನ್ನುತ್ತಿದ್ದ. ಮುಂದೆ ಕಣಿವೆ ಕಾಣುತ್ತಿರುವಾಗ ಯಾವ ಬುದ್ಧಿವಂತ ಮುಂದಕ್ಕೆ ಬಾಗುತ್ತಾನೆ? ನಾನು ಹಿಂದಕ್ಕೆ ಬಾಗಿದೆ, ಬಿದ್ದೆ. ಎದ್ದೆ, ಬಿದ್ದೆ. ನಡುವೆ ಫೋನು.

ಈ ಸಲ ಶಿರಹಟ್ಟಿಯ ಸೋದರಮಾವ. ಎಂಬತ್ತು ದಾಟಿದವರು, ದನಿ ಮಾತ್ರ ಇನ್ನೂ ಕಂಚು.

"ಭೇಷ್ ಮಾಡಿದಿ! ನಮ್ಮ ಮನೆತನದಾಗ ಒಬ್ಬನರ ಮುಕ್ತಿಗೆ ಹೊಂಟ್ಯಲ್ಲ."

"ಮಾವಾ, ನಾ ಮುಕ್ತಿಗೆ ಹೊಂಟಿಲ್ಲ. ಹಿಮದಾಗ ಬಿದ್ದೀನಿ."

"ಬೀಳಬೇಕು, ಬೀಳಬೇಕು! ಅಹಂಕಾರ ಬೀಳಬೇಕು. ಅದಿರ್ಲಿ, ಆ ನಿನ್ನ ಸ್ಕೂಟರ್ ಈಗ ಯಾರ ಕಡೆ ಐತಿ? ನಮ್ಮ ಮೊಮ್ಮಗ ಕೇಳಾಕತ್ತಿದ್ದ. ಸನ್ಯಾಸಿಗೆ ಯಾಕ ಬೇಕು ಸ್ಕೂಟರ್?"

ನಾನು ಹಿಮದಲ್ಲಿ ಅಂಗಾತ ಬಿದ್ದುಕೊಂಡೇ ಆಕಾಶ ನೋಡಿದೆ. ಬದುಕಿರುವಾಗಲೇ ತನ್ನ ಆಸ್ತಿ ಹಂಚಿಹೋಗುವುದನ್ನು ಕೇಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ.

ಆ ಸಂಜೆ ಸುಧಾ ಫೋನು ಮಾಡಿದಳು. ಅವಳು ಅಳಲಿಲ್ಲ, ರೇಗಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

"ಅಪ್ಪಾ, ಮುಂಡರಗಿಯವ್ರಿಗೂ ಖಬರ ಮುಟ್ಟೈತಿ. ಹುಡುಗಿ ಅಪ್ಪ ಮನಿ ಬಿಟ್ಟು ಹೋದಮ್ಯಾಲ ನಮ್ಮ ಸಮ ಯಾರು ಕುಂಡ್ರೋದು, ಮುಂದ ಲಗ್ನ ನಿಂತು ಮಾಡೋರು ಯಾರು ಅಂತ ಅವರಪ್ಪ ಕೇಳ್ಯಾರ. ಸಂಕ್ರಾಂತಿ ಆದ ಕೂಡ್ಲೆ ಬ್ಯಾರೆ ಕಡೆ ಹೆಣ್ಣು ನೋಡ್ತೀವಿ ಅಂದ್ರಂತ."

"ಹುಡುಗ ಏನಂತಾನ?"

"ಅಂವ ಏನಂದ್ರ ಏನು? ಅವರಪ್ಪ ಒಮ್ಮೆ ಹಿಚುಕಿ ಬಿಟ್ಟ ಗಡ್ಡಿ ಮತ್ತ ಮುಟ್ಟೋದಿಲ್ಲ." ಆಮೇಲೆ, "ನೀ ಜಾರಾಕ ಹೋಗೀದಿ ಅಂತ ನನಗ ಗೊತ್ತೈತಪಾ. ಅವರಿಗೂ ಗೊತ್ತಾಗೂವಂಗ ಏನರ ಮಾಡು" ಎಂದಳು.

ಪುರಾವೆ ಬೇಕಿತ್ತು. ಪುರಾವೆಗೆ ಫೋಟೋಕ್ಕಿಂತ ದೊಡ್ಡದಿಲ್ಲ ಎಂದು ಮುದ್ರಕನ ಬುದ್ಧಿ ಹೇಳಿತು. ಮರುದಿನ ಬೆಳಿಗ್ಗೆ ಠಾಕೂರನಿಗೆ ಫೋನು ಕೊಟ್ಟು, ಬಿಸಿಲಿಗೆ ಮುಖ ಮಾಡಿ ನಗುತ್ತ ನಿಂತು, ಫೋಟೋ ತೆಗೆಸಿ ಬೀಗರಾಗಬೇಕಾದವರಿಗೆ ಕಳಿಸಿದೆ. ಕಳಿಸಿದ ಮೇಲೆ ನಿಧಾನವಾಗಿ ನಾನೇ ನೋಡಿದೆ. ಟೊಪ್ಪಿಗೆ ತೆಗೆದಿದ್ದೆ, ತಲೆ ನುಣ್ಣಗೆ ಬೋಳಿಸಿದ ಹಾಗೆ ಕಾಣುತ್ತಿತ್ತು. ವಾರದ ಬಿಳಿಗಡ್ಡ. ಹಿಂದೆ ಹಿಮದ ಶಿಖರ. ಎರಡು ಕೈಯಲ್ಲಿ ಎರಡು ದಂಡ. ಇನ್ನು ಆ ಉಡುಪಿನ ಬಣ್ಣ. ಮೂವತ್ತು ವರ್ಷ ಬಣ್ಣ ಬೆರೆಸಿದವನಾಗಿ ಪ್ರಮಾಣ ಮಾಡಿ ಹೇಳುತ್ತೇನೆ, ಅದು ಕಿತ್ತಳೆ. ಫೋನಿನಲ್ಲಿ ಅದು ಕಾವಿಯಾಗಿ ಕಾಣುತ್ತಿತ್ತು. ನಗು ಬೇರೆ, ಎಲ್ಲವನ್ನೂ ಬಿಟ್ಟವನ ನಗು.

ಮುಂಡರಗಿಯಿಂದ ಉತ್ತರ ಬಂತು: ಎರಡು ಜೋಡಿಸಿದ ಕೈ. ಅಷ್ಟೇ.

ಆಗಲೇ ಮನೆಗೆ ಹೊರಡಬೇಕಿತ್ತು ಎನ್ನುತ್ತೀರಿ. ಹೊರಟೆ, ಆದರೆ ತಪ್ಪು ದಿಕ್ಕಿಗೆ. ಇಷ್ಟು ಮರ್ಯಾದೆ ಕಳೆದುಕೊಂಡ ಮೇಲೆ ಜಾರದೆ ಹೋಗುವುದು ಹೇಗೆ ಎಂಬ ಹಠ. ಎರಡು ಬಸ್ಸು ಬದಲಿಸಿ ಸೋಲಂಗ್ ತಲುಪಿದೆ. ಠಾಕೂರನಿಗೂ ಅಲ್ಲೇ ಕೆಲಸವಿತ್ತು, ಬಾಡಿಗೆಯ ಉಡುಪು, ಗವಸುಗಳಿಗೆ ತಾನೇ ಹೊಣೆಯೆಂದು ಅಂಗಡಿಗೆ ಹೇಳಿ ಜೊತೆಗೆ ಬಂದ. ಒಬ್ಬನೇ ಹೋಗುತ್ತೇನೆಂದವನ ಪಕ್ಕದಲ್ಲಿ "ಸ್ವಲ್ಪ ಸರಿಯಿರಿ" ಎಂದು ಹಿಂದಿಯಲ್ಲಿ ಹೇಳಿ ಕೂತ.

ಸೋಲಂಗಿನಲ್ಲಿ ಮಾತ್ರ ಹಿಮ ಹಿಮವಾಗಿತ್ತು. ಕ್ಯಾಲೆಂಡರಿನ ಹಾಗೇ. ಹೊಸಬರಿಗಾಗಿ ಒಂದು ಸಣ್ಣ ಇಳಿಜಾರು. ನಮ್ಮ ಕಪ್ಪತಗುಡ್ಡದ ಕುರಿಮರಿಯೂ ನಗುವಷ್ಟು ಸಣ್ಣದು. ನಾನು ಅದರ ನೆತ್ತಿಯ ಮೇಲೆ ಅದೇ ಕಿತ್ತಳೆ ಉಡುಪಿನಲ್ಲಿ ನಿಂತೆ. ಪಟ್ಟಿ ಕಟ್ಟಿಯಾಗಿತ್ತು. ಉಸಿರು ಹಿಡಿದೆ. ಬಾಗಿದೆ, ಈ ಸಲ ಮುಂದಕ್ಕೆ. ಫೋನು ಬಡಿದುಕೊಂಡಿತು.

ಮುಂಡರಗಿ. ಅದೂ ವಿಡಿಯೋ. ಬಿಟ್ಟರೆ ಮಗಳ ಬಾಳು, ಎತ್ತಿದರೆ ಇಳಿಜಾರು. ಎತ್ತಿದೆ. ಕೈಗವಸಿನಲ್ಲಿ ಫೋನು ಒತ್ತಲು ಬಾರದೆ ಬಲಗೈಯದನ್ನು ಹಲ್ಲಿನಿಂದ ಕಿತ್ತು ಎಸೆದಿದ್ದೆ. ಅದು ಎಲ್ಲಿ ಹೋಯಿತೋ ಇಂದಿಗೂ ಗೊತ್ತಿಲ್ಲ, ಜೋಡಿಯ ಬೆಲೆ ತೆತ್ತು ಎಡಗೈಯದನ್ನು ಮನೆಗೆ ತರಬೇಕಾಯಿತು. ಫೋನನ್ನು ಠಾಕೂರನ ಕೈಗೆ ಕೊಟ್ಟು, ಇಳಿಜಾರಿಗೆ ಬೆನ್ನು ಮಾಡಿ ಅವನತ್ತ ತಿರುಗಿ, ಕೋಲೂರಿ, ನೆಟ್ಟಗೆ ನಿಂತೆ. ಪರದೆಯಲ್ಲಿ ಬೀಗರು, ಅವರ ಹಿಂದೆ ಉಳ್ಳಾಗಡ್ಡಿಯ ಚೀಲಗಳು, ಚೀಲಗಳ ಮೇಲೆ ಕೂತು ನೋಡುತ್ತಿರುವ ಐದಾರು ಮಂದಿ ಹಮಾಲರು, ರೈತರು.

"ನಮಸ್ಕಾರ್ರಿ ಸ್ವಾಮೇರ" ಎಂದರು ಬೀಗರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಸಹಿಸಬಹುದಿತ್ತು.

"ನಾ ಸ್ವಾಮಿ ಅಲ್ರೀ!"

"ಹಂಗನ್ನೋದ ನಿಮ್ಮ ದೊಡ್ಡಸ್ತನ. ನಾವು ಸಿಟ್ಟಾಗಿಲ್ರಿ. ನಿಮ್ಮ ಹಾದಿ ದೊಡ್ಡದು. ಆದ್ರ ನಮ್ದು ಸಂಸಾರಸ್ಥರ ಮನಿ, ನಾಲ್ಕ ಮಂದಿಗೆ ಉತ್ತರ ಕೊಡಬೇಕಲ್ರಿ. ಈ ಸಂಬಂಧ ಇಲ್ಲಿಗೆ..."

"ಒಂದ ನಿಮಿಷ ತಡೀರಿ, ಇದು ಆಟ ಐತ್ರಿ, ಈ ಕೋಲು..."

"ದಂಡ ಯಾಕ ಎರಡು ಹಿಡದೀರಿ? ಎರಡ ಹಿಡಿಯೋದು ಯಾವ ಪದ್ಧತಿ ಅಂತ ಇವರು ಕೇಳಾಕತ್ತಾರ" ಎಂದು ಹಿಂದೆ ಚೀಲದ ಮೇಲೆ ಕೂತವನತ್ತ ಕೈಮಾಡಿದರು.

ಕೋಲು ತೋರಿಸಲು ಎರಡೂ ಕೈ ಮೇಲೆತ್ತಿದೆ. ನೆಲಕ್ಕೂ ನನಗೂ ಇದ್ದ ಸಂಬಂಧ ಆ ಕೋಲುಗಳಿಂದಲೇ ಇತ್ತೆಂಬುದು ಎತ್ತಿದ ಮೇಲೆ ತಿಳಿಯಿತು. ಕಾಲುಗಳು ತಾವಾಗಿಯೇ ಹೊರಟವು. ಅದೂ ಹಿಮ್ಮುಖವಾಗಿ. ಬೀಗರ ಕಡೆಗೆ ಮುಖ ಮಾಡಿಕೊಂಡು, ಕೈಗಳನ್ನು ಆಶೀರ್ವಾದದ ಹಾಗೆ ಮೇಲೆತ್ತಿಕೊಂಡು, ಸ್ವಲ್ಪ ದೂರ ಜಾರಿದೆ. ಆಮೇಲೆ ಬಿದ್ದೆ, ಉರುಳಿದೆ, ಹಿಮದ ದಿಬ್ಬವೊಂದಕ್ಕೆ ತಲೆ ಕೊಟ್ಟು ನಿಂತೆ. ಬಿಚ್ಚಿಕೊಂಡ ಒಂದು ಪಟ್ಟಿ ನಿಧಾನವಾಗಿ ಹಿಂದಿನಿಂದ ಬಂದು ಮೊಣಕಾಲಿಗೆ ಬಡಿಯಿತು.

ಠಾಕೂರ ಗಾಬರಿಯಿಂದ ಓಡಿ ಬಂದ. ಫೋನು ಹಿಡಿದ ಕೈಯನ್ನು ಮಾತ್ರ ಕರ್ತವ್ಯನಿಷ್ಠೆಯಿಂದ ನನ್ನ ಮುಖಕ್ಕೇ ಹಿಡಿದಿದ್ದ.

ಇಷ್ಟು ದಿನಗಳದ್ದು ಒಟ್ಟಿಗೆ ಬಂತು. ಮೊದಲು ಠಾಕೂರನನ್ನು ಬೈದೆ. ಹಿಮವನ್ನು, ಹಿಮ ಬೀಳಿಸಿದ ಮೋಡವನ್ನು, ಕ್ಯಾಲೆಂಡರಿನ ಮನುಷ್ಯನನ್ನು, ಅವನ ಹಿರಿಯರನ್ನು ಬೈದೆ. ಬೆಟಗೇರಿಯ ಜಿನ್ನಿನ ಹಮಾಲರಿಂದ ಬಾಲ್ಯದಲ್ಲಿ ಕಲಿತು ಎಂದೂ ಬಳಸದೆ ಇಟ್ಟಿದ್ದ ಮಾತುಗಳು ಒಂದೊಂದಾಗಿ, ತುಕ್ಕು ಹಿಡಿಯದೆ, ಹೊಚ್ಚ ಹೊಸದಾಗಿ ಹೊರಬಿದ್ದವು. ಅವನ್ನು ಇಲ್ಲಿ ಕೊಡಲಾರೆ. ಏನನ್ನು ಅಚ್ಚು ಹಾಕಬಾರದೆಂಬುದು ಮುದ್ರಕನಿಗೆ ಮೊದಲು ತಿಳಿದಿರಬೇಕು. ಕೊನೆಗೆ ಫೋನಿನತ್ತ ತಿರುಗಿದೆ.

"ಏನ್ ನೋಡಾಕತ್ತೀರಿ? ಮನಷ್ಯಾ ಬಿದ್ದು ಸಾಯಾಕತ್ತಾನ, ದಂಡ ಯಾಕ ಎರಡು ಅಂತ ಕೇಳ್ತೀರಲ್ರಿ! ಬೆಂಕಿ ಹಚ್ಚರಿ ನಿಮ್ಮ ಉಳ್ಳಾಗಡ್ಡಿಗೆ! ನನ್ನ ಮಗಳಂಥಾಕಿ ನಿಮಗ ಮುಂಡರಗಿ ತಾಲೂಕ ಪೂರಾ ಸೋಸಿದ್ರೂ ಸಿಗೂದಿಲ್ಲ. ಒಲ್ಲೆ ಅಂದ್ರ ಬಿಡ್ರಿ! ಗಡ್ಡಿ ಹಿಚುಕೋ ಕೈಗೆ ಮಂದಿ ಕಿಮ್ಮತ್ತ ಏನ ತಿಳಿತೈತಿ!"

ಮುಂಡರಗಿಯಲ್ಲಿ ಚೀಲದ ಮೇಲಿನವರು ಎದ್ದು ನಿಂತಿದ್ದರು. ಮುಗಿಯಿತು ಎಂದುಕೊಂಡೆ. ಮಗಳಿಗೆ ಏನು ಹೇಳಲಿ ಎಂದು ಹಿಮದಲ್ಲಿ ಕೂತಲ್ಲಿಯೇ ಲೆಕ್ಕ ಹಾಕತೊಡಗಿದೆ.

ಬೀಗರು ಹಿಂದಕ್ಕೆ ತಿರುಗಿ ತಮ್ಮ ಮಂದಿಗೆ ಹೇಳಿದರು: "ಏ, ಕೇಳಿದ್ರೇನು? ಇವರೆಲ್ಲಿ ಸನ್ಯಾಸಿ ಹಚ್ಚೀರಿ? ಇಷ್ಟು ಸಿಟ್ಟು ಒಳಗ ಇಟಗೊಂಡಾವ ಇನ್ನೂ ಹತ್ತು ಜನ್ಮ ಸಂಸಾರ ಬಿಡೂದಿಲ್ಲ." ನನ್ನತ್ತ ತಿರುಗಿದಾಗ ಮುಖ ಅರಳಿತ್ತು. "ಬೀಗರ, ಭಾಳ ಪೆಟ್ಟಾತೇನ್ರಿ?"

"ಆಗೇತಿ" ಎಂದೆ, ಇನ್ನೂ ಸಿಟ್ಟಿನಲ್ಲೇ.

"ಅರಿಷಿಣ ಹಚ್ಚರಿ. ಸಂಕ್ರಾಂತಿ ಮುಗದ ಕೂಡ್ಲೆ ನಾವು ಗದಗಿಗೆ ಬರ್ತೀವಿ. ಆದ್ರ ಒಂದ ಮಾತು. ಈಗಿಂದೀಗ ಬುತ್ತಿ ಗಿತ್ತಿ ಏನರ ಕಟಗೊಂಡು ಮನಿ ಹಾದಿ ಹಿಡೀರಿ. ನೀವು ಊರಾಗ ಕಾಣೂತನಕ ಈ ಮಂದಿ ಬಾಯಿ ನಾ ಹಿಡಿಯಾಕ ಆಗೂದಿಲ್ಲ."

ಫೋನು ಕಟ್ಟಾಯಿತು. ಠಾಕೂರ ಇಳಿಜಾರಿನತ್ತ ಕೈ ತೋರಿಸಿದ. ಬಿಸಿಲಿತ್ತು, ಹಿಮ ಹದವಾಗಿತ್ತು, ಸುತ್ತ ಯಾರೂ ಇರಲಿಲ್ಲ. ಇನ್ನೊಂದು ಸಲ ನೋಡೋಣ, ಈಗ ಖಂಡಿತ ಬರುತ್ತದೆ ಎಂದ. ದಿಲ್ಲಿಯ ಬಸ್ಸು ಮಧ್ಯಾಹ್ನಕ್ಕಿತ್ತು.

ನಾನು ಉಳಿದ ಇಳಿಜಾರನ್ನು ಕುಂಟುತ್ತ ನಡೆದು ಇಳಿದೆ. ಸುಧಾಳ ನಿಶ್ಚಯ ಸಂಕ್ರಾಂತಿಯ ಮುಂದಿನ ವಾರ ಗದಗಿನಲ್ಲಿ ಆಯಿತು.